ತಂತ್ರಾಂಶ ಪರಿವೀಕ್ಷಣೆಯಲ್ಲಿ ಬಹಿಃಸಾಕ್ಷ್ಯವೂ ಅಂತಃಸಾಕ್ಷ್ಯವೂ

ಪ್ರಾಚೀನ ಕವಿಗಳ ಕಾಲದೇಶಗಳನ್ನು ನಿಷ್ಕರ್ಷಿಸುವಾಗ ವಿದ್ವಾಂಸರು ಎರಡು ಬಗೆಯ ಆಧಾರಗಳನ್ನು ಅವಲಂಬಿಸುವುದು ವಾಡಿಕೆ. ಕವಿಯು ತನ್ನ ಗ್ರಂಥದಲ್ಲಿಯೇ ತನ್ನ ವಿಷಯವಾಗಿ ಹೇಳಿಕೊಂಡಿರುವುದು ಅಂತಃಸಾಕ್ಷ್ಯ. ಶಾಸನಗಳೂ ಅನ್ಯಕವಿಗಳೂ ಅವನ ವಿಷಯವಾಗಿ ಹೇಳಿರುವುದು ಬಹಿಃಸಾಕ್ಷ್ಯ. ಆದಿಪುರಾಣವು ಶಕವರ್ಷ ೮೬೩ರಲ್ಲಿ, ಎಂದರೆ ಕ್ರಿ. ಶ. ೯೪೧ರಲ್ಲಿ, ರಚಿತವಾಯಿತೆಂಬುದು ಪಂಪನ ಮಾತಿನಿಂದಲೇ ತಿಳಿದುಬರುತ್ತದೆ. ಅರಿಕೇಸರಿಯು ತನಗೆ ಧರ್ಮಪುರವೆಂಬ ಅಗ್ರಹಾರವನ್ನು ಕೊಟ್ಟನೆಂಬುದನ್ನೂ ಅವನೇ ಹೇಳಿಕೊಂಡಿದ್ದಾನೆ. ಈ ಎರಡನೆಯ ಮಾತಿಗೆ ಇಂದು ಹೆಚ್ಚಿನ ಬಲವು ಬಂದಿರುವುದು, ಅವನ ತಮ್ಮನಾದ ಜಿನವಲ್ಲಭನು ಕುರ್ಕ್ಯಾಲದ ಬಳಿಯ ಬಂಡೆಯಲ್ಲಿ ಕೆತ್ತಿಸಿದ ಶಾಸನವೂ ಅದನ್ನೇ ಹೇಳುವುದರಿಂದ. ತಮ್ಮನ ಮಾತು ಅಣ್ಣನ ಮಾತಿನಿಂದ ಎಷ್ಟರ ಮಟ್ಟಿಗೆ ಸ್ವತಂತ್ರವೆಂದು ಕೇಳುವವರೂ ಇರಬಹುದು. ಪಂಪನ ಮಟ್ಟಿಗೆ ಆ ಶಂಕೆಗೆ ಅವಕಾಶವು ಅಲ್ಪವೇ ಸರಿ. ಆದರೆ ಆ ಪ್ರಶ್ನೆಯ ಸ್ವರೂಪವು ಪ್ರಕೃತ ಲೇಖನಕ್ಕೆ ಮುಖ್ಯವಾದದ್ದು.

ಗಣಕಯಂತ್ರಗಳ ತಂತ್ರಾಂಶವು ಸರಿಯಾಗಿ ನಡೆಯುತ್ತಿದೆಯೇ ಇಲ್ಲವೇ ಎಂಬುದನ್ನು ತಿಳಿಯುವ ಶಾಸ್ತ್ರದಲ್ಲಿಯೂ ಇದೇ ಭೇದವು ಕಂಡುಬರುತ್ತದೆ. ಯಂತ್ರದ ಹೊರಗೆ ನಿಂತು, ಸಾಮಾನ್ಯ ಬಳಕೆದಾರನಂತೆ ಅದಕ್ಕೊಂದು ಪ್ರಶ್ನೆಯನ್ನು ಹಾಕಿ, ಉತ್ತರವು ಬಂದಿತೇ, ಎಷ್ಟು ಹೊತ್ತಿಗೆ ಬಂದಿತು, ಬಂದದ್ದು ಸರಿಯೇ ಎಂದು ನೋಡುವುದು ಒಂದು ಮಾರ್ಗ. ತಂತ್ರಾಂಶದ ಒಳಗೇ ಲೆಕ್ಕವಿಡುವ ಭಾಗಗಳನ್ನು ಸೇರಿಸಿ, ಅದು ತನ್ನ ನಡೆಯನ್ನು ತಾನೇ ಬರೆದಿಡುವಂತೆ ಮಾಡುವುದು ಇನ್ನೊಂದು ಮಾರ್ಗ. ಈ ಶಾಸ್ತ್ರಜ್ಞರು ಮೊದಲನೆಯದನ್ನು ಕಪ್ಪು ಪೆಟ್ಟಿಗೆಯ ಕ್ರಮವೆಂದೂ ಎರಡನೆಯದನ್ನು ಬಿಳಿ ಪೆಟ್ಟಿಗೆಯ ಕ್ರಮವೆಂದೂ ಕರೆಯುವರು. ಹೊರಗಿನ ಕ್ರಮವು ಈ ವಿದ್ಯೆಯ ಶೈಶವಕ್ಕೆ ಸೇರಿದುದೆಂದೂ ಒಳಗಿನ ಕ್ರಮವು ಅದರ ಪ್ರೌಢಿಮೆಯೆಂದೂ ಈಚಿನ ದಶಕಗಳಲ್ಲಿ ಒಂದು ಭಾವನೆಯು ಹರಡಿದೆ. ಈ ಭಾವನೆಗೆ ಇತಿಹಾಸದ ಬೆಂಬಲವಿಲ್ಲವೆಂಬುದೇ ನಮ್ಮ ಅಭಿಪ್ರಾಯ. ಎರಡು ಕ್ರಮಗಳೂ ಒಟ್ಟಿಗೇ ಹುಟ್ಟಿದುವು. ಒಂದರ ನ್ಯೂನತೆಯನ್ನು ಇನ್ನೊಂದು ತುಂಬುವುದೆಂಬುದು ಆಗಲೇ ತಿಳಿದಿತ್ತು. ಅನಂತರದ ಅನರ್ಥಗಳಿಗೆ ಸಾಕ್ಷಿಯು ಒಳಗಿನದಾಗಿದ್ದುದಾಗಲಿ ಹೊರಗಿನದಾಗಿದ್ದುದಾಗಲಿ ಕಾರಣವಲ್ಲ. ಸಾಕ್ಷಿಯು ಸ್ವತಂತ್ರವಾಗಿಲ್ಲದಿದ್ದುದೇ ಕಾರಣ. ಇದನ್ನು ಕಾಲಕ್ರಮವಾಗಿ ವಿಚಾರಿಸೋಣ.

ಇಂಗ್ಲೆಂಡಿನ ಕೇಂಬ್ರಿಡ್ಜ್ ವಿಶ್ವವಿದ್ಯಾನಿಲಯದಲ್ಲಿ ಮಾರಿಸ್ ವಿಲ್ಕ್ಸ್ ಎಂಬವರ ನೇತೃತ್ವದಲ್ಲಿ ನಿರ್ಮಿತವಾದ ಎಡ್ಸ್ಯಾಕ್ ಎಂಬ ಗಣಕಯಂತ್ರವು ೧೯೪೯ನೆಯ ಮೇ ತಿಂಗಳಿನಲ್ಲಿ ಕೆಲಸಮಾಡಲಾರಂಭಿಸಿತು. ಬರೆದ ಕ್ರಮವಿಧಿಗಳಲ್ಲಿ ತಪ್ಪುಗಳು ನುಸುಳುವುದು ಅನಿವಾರ್ಯವೆಂಬುದು ಸ್ವಲ್ಪ ಕಾಲದಲ್ಲಿಯೇ ಅಲ್ಲಿನವರ ಅನುಭವಕ್ಕೆ ಬಂದಿತು. ಯಂತ್ರದ ಸ್ಮೃತಿಯಲ್ಲಿರುವ ಅಂಕಿಗಳು ಕ್ಯಾಥೋಡ್ ಕಿರಣದ ನಳಿಗೆಗಳ ಮುಖದ ಮೇಲೆ ಬೆಳಕಿನ ಚುಕ್ಕಿಗಳಾಗಿ ಕಾಣಿಸುತ್ತಿದ್ದುವು. ಆಜ್ಞೆಗಳನ್ನು ಒಂದೊಂದಾಗಿ ನಡೆಯಿಸುತ್ತ ಆ ಚುಕ್ಕಿಗಳನ್ನು ನೋಡಿಕೊಂಡು ತಪ್ಪನ್ನು ಹುಡುಕುವುದು ಎಲ್ಲರಿಗೂ ಮೊದಲು ತೋಚಿದ ಉಪಾಯ. ಅಲ್ಲಿನವರು ಇದನ್ನು ‘ಇಣುಕುವುದು’ ಎಂಬರ್ಥದ ಮಾತಿನಿಂದ ಕರೆಯುತ್ತಿದ್ದರು. ಆ ಮಾತಿನಲ್ಲಿಯೇ ಸ್ವಲ್ಪ ತಾತ್ಸಾರವುಂಟು. ಒಬ್ಬನು ಇಣುಕುತ್ತ ಕುಳಿತರೆ ಯಂತ್ರದ ಅಮೂಲ್ಯವಾದ ಕಾಲವು ವ್ಯರ್ಥವಾಗಿ, ಸರದಿಯಲ್ಲಿ ನಿಂತ ಇತರರು ಕಾದಿರಬೇಕಾಗುತ್ತಿತ್ತು.

ಇದಕ್ಕೆ ಪ್ರತಿಯಾಗಿ ಸ್ಟ್ಯಾನ್ಲಿ ಗಿಲ್ ಎಂಬ ತರುಣ ವಿದ್ವಾಂಸನು ಬೇರೊಂದು ಮಾರ್ಗವನ್ನು ಕಲ್ಪಿಸಿ, ಅದನ್ನು ೧೯೫೧ರಲ್ಲಿ ರಾಯಲ್ ಸೊಸೈಟಿಯ ನಡವಳಿಗಳಲ್ಲಿ ಪ್ರಕಟಿಸಿದನು. ಅವನ ಉಪಾಯವೇನೆಂದರೆ, ಪರೀಕ್ಷಿಸತಕ್ಕ ಕ್ರಮವಿಧಿಯನ್ನು ಯಂತ್ರವು ನೇರವಾಗಿ ನಡೆಯಿಸದೆ, ಅದರ ಪಕ್ಕದಲ್ಲಿ ಸ್ಮೃತಿಯಲ್ಲಿಯೇ ಇರಿಸಿದ ಇನ್ನೊಂದು ಪರೀಕ್ಷಕ ಕ್ರಮವಿಧಿಯು ಅದರ ಆಜ್ಞೆಗಳನ್ನು ಒಂದೊಂದಾಗಿ ತೆಗೆದುಕೊಂಡು, ಆಜ್ಞೆಯ ಸಂಕೇತಾಕ್ಷರವನ್ನು ಕಾಗದದ ಮೇಲೆ ಮುದ್ರಿಸಿ, ಬಳಿಕ ಅದನ್ನು ನೆರವೇರಿಸುವುದು. ಕ್ರಮವಿಧಿಯು ನಡೆದ ದಾರಿಯೆಲ್ಲವೂ ಹೀಗೆ ಅಕ್ಷರಗಳ ಸಾಲಾಗಿ ಕಾಗದದ ಮೇಲೆ ಉಳಿಯುತ್ತಿತ್ತು. ಅದನ್ನು ಮನೆಗೆ ಕೊಂಡುಹೋಗಿ ಬಿಡುವಾಗಿ ಓದಬಹುದಾಗಿತ್ತು. ಅಂತಃಸಾಕ್ಷ್ಯದ ಕ್ರಮಕ್ಕೆ ಇದು ಅತಿ ಪ್ರಾಚೀನವಾದ ಉದಾಹರಣೆಗಳಲ್ಲೊಂದು. ಇದರ ಗುಣದೋಷಗಳೆರಡೂ ಆಗಲೇ ವ್ಯಕ್ತವಾಗಿದ್ದುವೆಂಬುದನ್ನು ಗಮನಿಸಬೇಕು. ಒಳಗಿನಿಂದ ಸಿಕ್ಕುವ ವಿವರವು ಹೊರಗಿನ ಇಣುಕುನೋಟಕ್ಕೆ ಎಂದಿಗೂ ಸಿಕ್ಕದು. ಆದರೆ ಪರೀಕ್ಷಕನು ಒಳಗೆ ಸೇರಿಕೊಂಡ ಕೂಡಲೆ ಯಂತ್ರದ ವೇಗವು ಬಹಳ ಮಟ್ಟಿಗೆ ಕುಗ್ಗುವುದು, ಸ್ಮೃತಿಯ ಸ್ವಲ್ಪ ಭಾಗವು ಅವನಿಗೇ ವೆಚ್ಚವಾಗುವುದು. ಎಲ್ಲಕ್ಕಿಂತ ಮುಖ್ಯವಾಗಿ, ಪರೀಕ್ಷ್ಯವಾದ ಕ್ರಮವಿಧಿಯು ದಾರಿತಪ್ಪಿ ಪರೀಕ್ಷಕನಿರುವ ಸ್ಥಳದ ಮೇಲೆಯೇ ಏನನ್ನಾದರೂ ಬರೆದುಬಿಟ್ಟರೆ, ಸಾಕ್ಷಿಯೂ ಆರೋಪಿಯೊಡನೆ ಕೆಡುವನು. ಒಂದೇ ಮನೆಯಲ್ಲಿ ವಾಸಿಸುವ ಸಾಕ್ಷಿಗೆ ಈ ಅಪಾಯವು ತಪ್ಪಿದ್ದಲ್ಲ.

ಮುಂದಿನ ಇಪ್ಪತ್ತು ವರ್ಷಗಳಲ್ಲಿ ಯಂತ್ರಗಳು ದೊಡ್ಡವಾದುವು, ಅವುಗಳ ಬೆಲೆಯು ಬೆಳೆಯಿತು. ಯಂತ್ರದ ತಂತಿಗಳ ತುದಿಗೆ ಸಣ್ಣ ಸಲಾಕೆಗಳನ್ನು ಕಚ್ಚಿಸಿ, ಅಲ್ಲಿ ಹಾಯುವ ವಿದ್ಯುತ್ಸಂಕೇತಗಳನ್ನು ಬೇರೊಂದು ಉಪಕರಣದಿಂದ ಎಣಿಸುವ ಪದ್ಧತಿಯು ೧೯೬೦ರ ದಶಕದಲ್ಲಿ ರೂಢಿಗೆ ಬಂದಿತು. ಈ ಉಪಕರಣವು ಯಂತ್ರಕ್ಕೆ ಯಾವ ಹೊರೆಯನ್ನೂ ಹೊರಿಸುತ್ತಿರಲಿಲ್ಲ. ಆದರೆ ಯಂತ್ರವು ಯಾರ ಕೆಲಸವನ್ನು ಮಾಡುತ್ತ ಕಾಲ ಕಳೆಯುತ್ತಿದೆಯೆಂಬುದು ಅದಕ್ಕೆ ತಿಳಿಯುತ್ತಿರಲಿಲ್ಲ. ಅದನ್ನು ತಿಳಿಯಬೇಕಾದರೆ ಒಳಗಿನ ಲೆಕ್ಕಿಗನೇ ಬೇಕು, ಅವನಿಗೆ ಯಂತ್ರದ ಕಾಲದಲ್ಲಿ ಪಾಲು ಕೊಡಬೇಕು.

ಈ ಎರಡು ಪದ್ಧತಿಗಳನ್ನೂ ಒಂದೆಡೆಯಲ್ಲಿ ವಿವೇಚಿಸಿದ ಗಣ್ಯವಾದ ಲೇಖನವೆಂದರೆ, ಜೆರೋಮ್ ಸಾಲ್ಟ್ಸರ್ ಮತ್ತು ಜಾನ್ ಗಿಂಟೆಲ್ ಎಂಬವರು ಮಲ್ಟಿಕ್ಸ್ ವ್ಯವಸ್ಥೆಯ ಮಾಪನಗಳನ್ನು ಕುರಿತು ೧೯೭೦ರಲ್ಲಿ ಪ್ರಕಟಿಸಿದುದು. ಮಲ್ಟಿಕ್ಸ್ ಎಂಬುದು ಅಮೆರಿಕದ ಮೆಸಾಚುಸೆಟ್ಸ್ ತಂತ್ರಶಾಸ್ತ್ರ ಸಂಸ್ಥೆಯಲ್ಲಿ, ಬೆಲ್ ಪ್ರಯೋಗಾಲಯ ಮತ್ತು ಜನರಲ್ ಎಲೆಕ್ಟ್ರಿಕ್ ಕಂಪೆನಿಗಳ ಸಹಕಾರದಿಂದ, ಅನೇಕರು ಏಕಕಾಲದಲ್ಲಿ ಬಳಸುವುದಕ್ಕಾಗಿ ರಚಿತವಾದ ವ್ಯವಸ್ಥೆ. ಅದರ ನಿರ್ಮಾಪಕರು ಒಳಗಡೆ ಗಡಿಯಾರಗಳನ್ನೂ ಎಣಿಕೆಯ ಭಾಗಗಳನ್ನೂ ಮೊದಲಿನಿಂದಲೇ ಇಟ್ಟಿದ್ದರು. ಅಷ್ಟಕ್ಕೇ ತೃಪ್ತರಾಗದೆ ಪಿಡಿಪಿ-೮ ಜಾತಿಯ ಚಿಕ್ಕ ಯಂತ್ರಗಳನ್ನು ಎರಡು ವಿಧದಲ್ಲಿ ಉಪಯೋಗಿಸಿದರು. ಒಂದು, ಮಲ್ಟಿಕ್ಸಿನ ಸ್ಮೃತಿಯನ್ನು ಪಕ್ಕದಿಂದ ಓದಿ ಅದರ ಸ್ಥಿತಿಯನ್ನು ತೆರೆಯ ಮೇಲೆ ಚಿತ್ರಿಸುವುದು. ಇನ್ನೊಂದು, ಕೀಲಿಮಣೆಗಳ ಮುಂದೆ ಕುಳಿತ ಹಲವರು ಬಳಕೆದಾರರಂತೆ ನಟಿಸಿ ವ್ಯವಸ್ಥೆಗೆ ಕೆಲಸಗಳನ್ನು ಒಪ್ಪಿಸಿ ಅದರ ಉತ್ತರಕ್ಕೆ ಹಿಡಿದ ಕಾಲವನ್ನು ಅಳೆಯುವುದು. ಒಳಗಿನ ಲೆಕ್ಕಿಗ, ಪಕ್ಕದ ನೋಟಗಾರ, ಹೊರಗಿನ ಗಿರಾಕಿ ಎಂಬ ಮೂವರೂ ೧೯೭೦ರ ಹೊತ್ತಿಗೇ ಇದ್ದರೆಂದ ಮೇಲೆ, ಹೊರಗಿನದು ಶೈಶವ, ಒಳಗಿನದು ಪ್ರೌಢಿಮೆ ಎಂಬ ವಾದವು ಹೇಗೆ ನಿಲ್ಲುವುದೋ ನಾವು ಕಾಣೆವು.

ಇದೇ ಸಾಲ್ಟ್ಸರ್ ಮಹಾಶಯರು ಡೇವಿಡ್ ರೀಡ್ ಮತ್ತು ಡೇವಿಡ್ ಕ್ಲಾರ್ಕ್ ಎಂಬವರೊಡನೆ ೧೯೮೪ರಲ್ಲಿ ಪ್ರಕಟಿಸಿದ ಇನ್ನೊಂದು ಪ್ರಬಂಧದಲ್ಲಿ ಒಂದು ಪ್ರಸಂಗವುಂಟು. ಗ್ರಂಥಸಂಪಾದನೆಯಲ್ಲಿ ಪರಿಶ್ರಮವುಳ್ಳವರಿಗೆ ಅದು ವಿಶೇಷವಾಗಿ ರುಚಿಸುವುದೆಂದು ನಂಬಿ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇವೆ. ಅವರ ಸಂಸ್ಥೆಯಲ್ಲಿ ಹಲವು ಸ್ಥಳೀಯ ಜಾಲಗಳನ್ನು ಮಧ್ಯವರ್ತಿ ಯಂತ್ರಗಳ ಮೂಲಕ ಜೋಡಿಸಿದ್ದರು. ಒಂದು ಯಂತ್ರದಿಂದ ಇನ್ನೊಂದಕ್ಕೆ ಹೋಗುವ ಪ್ರತಿಯೊಂದು ಹಾದಿಯಲ್ಲಿಯೂ ಬರೆಹವು ಕೆಡದೆ ಬಂದಿತೇ ಎಂದು ತಾಳೆನೋಡುವ ಅಂಕಿಯು ಇದ್ದುದರಿಂದ, ಕೊನೆಯಲ್ಲಿ ಮತ್ತೊಮ್ಮೆ ನೋಡಬೇಕಾದ್ದಿಲ್ಲವೆಂದು ಜನರು ಭಾವಿಸಿದ್ದರು. ಹೀಗಿರುವಲ್ಲಿ ಒಂದು ಮಧ್ಯವರ್ತಿ ಯಂತ್ರದಲ್ಲಿ ದೋಷವುಂಟಾಯಿತು. ತನಗೆ ಬಂದುದನ್ನು ತನ್ನೊಳಗೆ ಒಂದೆಡೆಯಿಂದ ಇನ್ನೊಂದೆಡೆಗೆ ನಕಲುಮಾಡಿಕೊಳ್ಳುವಾಗ, ಸುಮಾರು ಹತ್ತು ಲಕ್ಷ ಬೈಟುಗಳಿಗೊಮ್ಮೆ, ಅಕ್ಕಪಕ್ಕದ ಎರಡು ಸ್ಥಾನಪಲ್ಲಟವಾಗುತ್ತಿದ್ದುವು. ಹಾದಿಯ ತಾಳೆಯೆಲ್ಲವೂ ಸರಿಯಾಗಿಯೇ ಇತ್ತು; ತಪ್ಪಾದುದು ಹಾದಿಯಲ್ಲಲ್ಲ, ತಂಗುದಾಣದಲ್ಲಿ. ಒಂದು ಕಾರ್ಯಾಚರಣ ವ್ಯವಸ್ಥೆಯ ಮೂಲಪಾಠಗಳು ಈ ಯಂತ್ರದ ಮೂಲಕ ಮತ್ತೆಮತ್ತೆ ಹಾದುಹೋಗಿ ಕೆಟ್ಟುವು. ಕಡೆಗೆ ಅವುಗಳ ಕರ್ತೃಗಳು ಹಳೆಯ ಕಾಗದದ ಮುದ್ರಿತ ಪ್ರತಿಗಳನ್ನು ಎದುರಿಗಿಟ್ಟುಕೊಂಡು ಕಣ್ಣಿನಿಂದ ಹೋಲಿಸಿ ತಿದ್ದಬೇಕಾಯಿತು. ಲಿಪಿಕಾರನ ಅಕ್ಷರಪಲ್ಲಟವೂ, ಪ್ರತ್ಯಂತರಗಳನ್ನು ಹೋಲಿಸಿ ಪಾಠವನ್ನು ಶುದ್ಧಿಪಡಿಸುವ ಸಂಪಾದಕನ ಶ್ರಮವೂ ನಮ್ಮವರಿಗೆ ಹೊಸತಲ್ಲ. ಒಳಗಿನ ಒಂದೊಂದು ಹಂತವೂ ತಾನು ಸರಿಯೆಂದು ಹೇಳುತ್ತಿರುವಾಗಲೂ ಒಟ್ಟು ಫಲವು ತಪ್ಪಾಗಿರಬಹುದೆಂಬುದನ್ನು ಈ ಪ್ರಸಂಗವು ಸ್ಪಷ್ಟಪಡಿಸುತ್ತದೆ.

ಮುಂದಿನ ಬೆಳವಣಿಗೆಗಳನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ೧೯೮೩ರ ಡಿಸೆಂಬರಿನಲ್ಲಿ ಮೈಕ್ ಮೂಸ್ ಎಂಬವನು ಅಮೆರಿಕದ ಸೈನ್ಯದ ಪ್ರಯೋಗಾಲಯವೊಂದರಲ್ಲಿ ‘ಪಿಂಗ್’ ಎಂಬ ಕ್ರಮವಿಧಿಯನ್ನು ಬರೆದನು. ಜಲಾಂತರ್ಗಾಮಿಯನ್ನು ಶಬ್ದದಿಂದ ಕಂಡುಹಿಡಿಯುವವರು ಹೊರಡಿಸುವ ಸದ್ದಿನ ಅನುಕರಣವೇ ಆ ಹೆಸರು. ದೂರದ ಯಂತ್ರವನ್ನು ಕೂಗಿ ಕರೆದು ಅದು ಓಗೊಡುವುದೇ ಎಂದು ಕೇಳುವುದು ಇದರ ಕೆಲಸ. ಶುದ್ಧವಾದ ಬಹಿಃಸಾಕ್ಷ್ಯವೆಂಬುದು ಇದೇ. ಇದರ ನ್ಯೂನತೆಯೂ ಅಷ್ಟೇ ಸ್ಪಷ್ಟ: ಓಗೊಡುವುದು ಯಂತ್ರದ ತಳದಲ್ಲಿರುವ ಕಾರ್ಯಾಚರಣ ವ್ಯವಸ್ಥೆ, ಅದರ ಮೇಲೆ ನಡೆಯುವ ತಂತ್ರಾಂಶವು ಸತ್ತಿದ್ದರೂ ಉತ್ತರವು ಬರುತ್ತಲೇ ಇರುವುದು. ಬಾಗಿಲವನು ಓ ಎಂದ ಮಾತ್ರಕ್ಕೆ ಯಜಮಾನನು ಮನೆಯಲ್ಲಿದ್ದಾನೆಂದು ಹೇಳಲಾಗದು. ೧೯೮೮ರಲ್ಲಿ ನಿರೂಪಿತವಾದ ಎಸ್‌ಎನ್‌ಎಂಪಿ ಎಂಬ ಸಂಪ್ರದಾಯವು, ಜಾಲದ ಯಂತ್ರಗಳು ತಮ್ಮ ಒಳಗಿನ ಎಣಿಕೆಗಳನ್ನು ಕೇಳಿದವರಿಗೆ ತಿಳಿಸುವ ರೀತಿಯನ್ನು ಗೊತ್ತುಮಾಡಿತು. ೧೯೯೯ರಲ್ಲಿ ನೆಟ್‌ಸೇಂಟ್ ಎಂಬ ಹೆಸರಿನಿಂದ ಹೊರಬಂದು ತರುವಾಯ ನಾಗಿಯೋಸ್ ಎಂದಾದ ತಂತ್ರಾಂಶವು ಹೊರಗಿನ ಪರೀಕ್ಷೆಗಳನ್ನು ಮುಖ್ಯವಾಗಿ ಆಶ್ರಯಿಸಿತು. ೨೦೧೦ರಲ್ಲಿ ಗೂಗಲ್ ಸಂಸ್ಥೆಯವರು ಪ್ರಕಟಿಸಿದ ಡ್ಯಾಪರ್, ೨೦೧೨ರಲ್ಲಿ ಸೌಂಡ್‌ಕ್ಲೌಡ್ ಸಂಸ್ಥೆಯಲ್ಲಿ ಆರಂಭವಾದ ಪ್ರೊಮೀಥಿಯಸ್, ಇವು ಒಳಗಿನ ಕ್ರಮವನ್ನು ಬಹಳ ದೂರಕ್ಕೆ ಕೊಂಡೊಯ್ದುವು. ಸನ್ ಕಂಪೆನಿಯ ಡಿಟ್ರೇಸ್ (೨೦೦೫ರ ಸೊಲಾರಿಸ್ ೧೦ರೊಡನೆ ಬಂದುದು), ೨೦೧೪ರಲ್ಲಿ ಲಿನಕ್ಸಿಗೆ ಸೇರಿದ ಇಬಿಪಿಎಫ್, ಇವೆರಡೂ ಒಂದು ನಡುದಾರಿ: ತಂತ್ರಾಂಶದ ಪಾಠವನ್ನು ತಿದ್ದದೆ, ಅದರ ತಳದಲ್ಲಿ ನಿಂತು ಅದರ ನಡೆಯನ್ನು ನೋಡುವುದು ಇವುಗಳ ರೀತಿ. ಇವನ್ನು ಒಳಗೆನ್ನಬೇಕೋ ಹೊರಗೆನ್ನಬೇಕೋ ಎಂಬ ಚರ್ಚೆಯಿಂದ ಹೆಚ್ಚಿನ ಫಲವಿಲ್ಲ.

ಇಲ್ಲಿ ಒಂದು ಶಬ್ದದ ವಿಚಾರವನ್ನು ಹೇಳದೆ ಮುಂದುವರಿಯುವಂತಿಲ್ಲ. ಒಳಗಿನ ಕ್ರಮದ ಅಭಿಮಾನಿಗಳು ‘ಆಬ್ಸರ್ವಬಿಲಿಟಿ’, ಎಂದರೆ ವೀಕ್ಷ್ಯತೆ, ಎಂಬ ಮಾತನ್ನು ತಮ್ಮ ಧ್ವಜಕ್ಕೆ ಬರೆದುಕೊಂಡಿರುವರು. ಈ ಮಾತು ನಿಯಂತ್ರಣಶಾಸ್ತ್ರದಿಂದ ಬಂದುದು; ರುಡಾಲ್ಫ್ ಕಾಲ್ಮನ್ ಎಂಬ ಗಣಿತಜ್ಞರು ೧೯೬೦ರಲ್ಲಿ ಅದಕ್ಕೆ ನಿಷ್ಕೃಷ್ಟವಾದ ಅರ್ಥವನ್ನು ಕೊಟ್ಟರು. ಒಂದು ವ್ಯವಸ್ಥೆಯಿಂದ ಹೊರಬೀಳುವ ಫಲಗಳನ್ನು ಮಾತ್ರ ನೋಡಿ ಅದರ ಒಳಗಿನ ಸ್ಥಿತಿಯನ್ನು ನಿರ್ಧರಿಸಲು ಸಾಧ್ಯವಾದರೆ ಆ ವ್ಯವಸ್ಥೆಯು ವೀಕ್ಷ್ಯವೆನಿಸುವುದು. ಎಂದರೆ ಮೂಲಾರ್ಥದಲ್ಲಿ ಇದು ಹೊರಗಿನಿಂದ ಒಳಗನ್ನು ಅರಿಯುವ ಸಾಮರ್ಥ್ಯ. ಒಳಗಿನ ವರದಿಗಳನ್ನು ರಾಶಿರಾಶಿಯಾಗಿ ಹೊರಕ್ಕೆ ಸುರಿಯುವುದಕ್ಕೆ ಇದೇ ಹೆಸರು ಬಂದಿರುವುದು ಶಬ್ದಾರ್ಥಗಳ ಇತಿಹಾಸದಲ್ಲಿ ವಿರಳವಲ್ಲದ ಒಂದು ವಿನೋದ. ನ್ಯಾಯವಾಗಿ ಹೇಳಬೇಕಾದರೆ, ಈ ಪಕ್ಷದ ಪ್ರಾಜ್ಞರು ಹೊರಗಿನ ಕ್ರಮವನ್ನು ತಿರಸ್ಕರಿಸಿದವರಲ್ಲ. ಗೂಗಲ್ ಸಂಸ್ಥೆಯವರು ೨೦೧೬ರಲ್ಲಿ ಹೊರತಂದ ಗ್ರಂಥದಲ್ಲಿ ಒಳಗಿನ ಕ್ರಮಕ್ಕೆ ಹೆಚ್ಚಿನ ಸ್ಥಾನವನ್ನೂ, ಹೊರಗಿನದಕ್ಕೆ ಅಲ್ಪವಾದರೂ ಅತ್ಯಾವಶ್ಯಕವಾದ ಸ್ಥಾನವನ್ನೂ ಕೊಟ್ಟಿರುವರು. ಅನುಯಾಯಿಗಳು ‘ಹೆಚ್ಚಿನ’ ಎಂಬುದನ್ನು ನೆನಪಿಟ್ಟು ‘ಅತ್ಯಾವಶ್ಯಕ’ ಎಂಬುದನ್ನು ಮರೆತರೆ ಅದು ಗ್ರಂಥಕಾರರ ತಪ್ಪಲ್ಲ.

ಇದೆಲ್ಲವೂ ಕುಶಲಕರ್ಮಿಗಳ ಅಭಿರುಚಿಭೇದವಷ್ಟೇ ಆಗಿದ್ದ ಪಕ್ಷದಲ್ಲಿ ಇಷ್ಟು ದೀರ್ಘವಾಗಿ ಬರೆಯಬೇಕಾದ್ದಿರಲಿಲ್ಲ. ಇದಕ್ಕಾಗಿ ಮನುಷ್ಯರು ಪ್ರಾಣವನ್ನು ತೆತ್ತಿದ್ದಾರೆ. ಕೆನಡಾ ದೇಶದಲ್ಲಿ ತಯಾರಾದ ಥೆರಾಕ್-೨೫ ಎಂಬ ಕಿರಣಚಿಕಿತ್ಸಾಯಂತ್ರದಿಂದ ೧೯೮೫ರಿಂದ ೧೯೮೭ರವರೆಗೆ ಆರು ಅಪಘಾತಗಳು ಸಂಭವಿಸಿದುವು. ೧೯೮೬ನೆಯ ಮಾರ್ಚಿ ೨೧ರಂದು ಅಮೆರಿಕದ ಟೆಕ್ಸಾಸ್ ಪ್ರಾಂತದ ಟೈಲರ್ ಪಟ್ಟಣದಲ್ಲಿ ಒಬ್ಬ ರೋಗಿಯನ್ನು ಆ ಯಂತ್ರದ ಕೆಳಗೆ ಮಲಗಿಸಿ, ಯಂತ್ರಚಾಲಕಿಯು ಪಕ್ಕದ ಕೋಣೆಯಿಂದ ಚಿಕಿತ್ಸೆಯನ್ನು ಆರಂಭಿಸಿದಳು. ಮೊದಲು ತಪ್ಪಾಗಿ ಒತ್ತಿದ ಒಂದಕ್ಷರವನ್ನು ಅವಳು ಬೇಗನೆ ತಿದ್ದಿದ್ದಳು. ಆ ಬೇಗವನ್ನು ತಂತ್ರಾಂಶವು ಸರಿಗಟ್ಟಲಾರದೆ ಹೋಯಿತು. ತೆರೆಯ ಮೇಲೆ ‘ದೋಷ ೫೪’ ಎಂಬ ಸೂಚನೆಯು ಬಂದಿತು. ಕೊಡಬೇಕಾಗಿದ್ದ ೨೦೨ ಮಾನಗಳಲ್ಲಿ ೬ ಮಾತ್ರ ಕೊಡಲ್ಪಟ್ಟಿದೆಯೆಂದು ಯಂತ್ರವು ತಿಳಿಸಿತು. ಕಡಮೆಯಾಯಿತೆಂದು ಅವಳು ಮುಂದುವರಿಯುವ ಗುಂಡಿಯನ್ನು ಒತ್ತಿದಳು. ಒಳಗೆ ಮಲಗಿದ್ದವನಿಗೆ ಬೆಂಕಿಯ ಉರಿಯೂ ವಿದ್ಯುತ್ತಿನ ಆಘಾತವೂ ತಗಲಿದಂತಾಗಿ ಅವನು ಏಳುತ್ತಿರುವಾಗಲೇ ಎರಡನೆಯ ಪೆಟ್ಟು ಬಿದ್ದಿತು. ಕೋಣೆಯೊಳಗನ್ನು ತೋರಿಸುವ ದೃಶ್ಯಯಂತ್ರದ ತಂತಿಯು ಆ ದಿನ ಕಳಚಿತ್ತು. ಮಾತನ್ನು ಕೇಳಿಸುವ ಉಪಕರಣವು ಕೆಟ್ಟಿತ್ತು. ಐದು ತಿಂಗಳ ತರುವಾಯ ಆ ರೋಗಿಯು ಮೃತನಾದನು.

ಯಂತ್ರವು ಸುಳ್ಳು ಹೇಳಿದುದೇಕೆ? ಕಿರಣವನ್ನು ಅಳೆಯುವುದಕ್ಕೆ ಯಂತ್ರದಲ್ಲಿಯೇ ಇಟ್ಟಿದ್ದ ಅಯಾನು ಕೋಶಗಳು, ಅಷ್ಟು ಪ್ರಬಲವಾದ ಕಿರಣವು ಬಿದ್ದಾಗ ಸಂತೃಪ್ತವಾಗಿ, ಅತ್ಯಧಿಕವಾದುದನ್ನು ಅತ್ಯಲ್ಪವೆಂದು ತೋರಿಸಿದುವು. ಅಳೆಯುವವನು ಅಳೆಯಲ್ಪಡುವುದರಿಂದಲೇ ಮೂರ್ಛೆಹೋದ ಹಾಗಾಯಿತು. ಕಂಪೆನಿಯ ತಜ್ಞರು ಬಂದು ಪರೀಕ್ಷಿಸಿದರು. ದೋಷವು ಮರುಕಳಿಸಲಿಲ್ಲವಾದ್ದರಿಂದ ಏಪ್ರಿಲ್ ೭ರಂದು ಯಂತ್ರವು ಮತ್ತೆ ಬಳಕೆಗೆ ಬಂದಿತು. ೧೧ರಂದು ಅದೇ ದೋಷವು ಇನ್ನೊಬ್ಬ ರೋಗಿಗೆ ಒದಗಿತು. ಆದರೆ ಆ ದಿನ ಮಾತು ಕೇಳಿಸುವ ಉಪಕರಣವು ಸರಿಯಾಗಿತ್ತು. ಯಂತ್ರದ ದೊಡ್ಡ ಸದ್ದೂ ರೋಗಿಯ ನರಳುವಿಕೆಯೂ ಚಾಲಕಿಗೆ ಕೇಳಿಸಿದುವು. ಅವಳು ಒಳಕ್ಕೆ ಓಡಿದಳು. ಆಸ್ಪತ್ರೆಯ ಭೌತವಿಜ್ಞಾನಿಯೂ ಅವಳೂ ಸೇರಿ, ಅವಳು ಒತ್ತಿದ ಅಕ್ಷರಗಳನ್ನು ಅದೇ ವೇಗದಲ್ಲಿ ಮತ್ತೆಮತ್ತೆ ಒತ್ತಿ ದೋಷವನ್ನು ಮರಳಿ ಹುಟ್ಟಿಸಿದರು. ಒಳಗಿನ ವರದಿಯಿಂದ ತಿಳಿಯದಿದ್ದುದು ಹೊರಗಿನ ಕಿವಿಯಿಂದ ತಿಳಿಯಿತು. ಇಲ್ಲಿ ಇನ್ನೊಂದು ಸಂಗತಿಯನ್ನೂ ಸೇರಿಸಬೇಕು. ಇದಕ್ಕೆ ಹಿಂದಿನ ಥೆರಾಕ್-೨೦ ಎಂಬ ಯಂತ್ರದ ತಂತ್ರಾಂಶದಲ್ಲಿಯೂ ಇದೇ ಬಗೆಯ ದೋಷವಿದ್ದುದು ತರುವಾಯ ಕಂಡುಬಂದಿತು. ಶಿಕಾಗೋ ವಿಶ್ವವಿದ್ಯಾನಿಲಯದಲ್ಲಿ ಹೊಸ ವಿದ್ಯಾರ್ಥಿಗಳು ಅದನ್ನು ಬಳಸುವಾಗ ಫ್ಯೂಸುಗಳು ಸುಟ್ಟುಹೋಗುತ್ತಿದ್ದುವು, ಯಾರಿಗೂ ಅಪಾಯವಾಗಲಿಲ್ಲ. ಆ ಯಂತ್ರದಲ್ಲಿ ತಂತ್ರಾಂಶದ ಹಂಗಿಲ್ಲದ ರಕ್ಷಣೋಪಾಯಗಳು ಇದ್ದುವು. ಥೆರಾಕ್-೨೫ರಲ್ಲಿ ಅವನ್ನು ತೆಗೆದು, ರಕ್ಷಣೆಯ ಭಾರವನ್ನು ಬಹುಮಟ್ಟಿಗೆ ತಂತ್ರಾಂಶಕ್ಕೇ ವಹಿಸಿದ್ದರು. ಫ್ಯೂಸು ಸಹ ಯಂತ್ರದ ಒಳಗೇ ಇರುವ ವಸ್ತು. ಆದ್ದರಿಂದಲೇ ಒಳಗೆ-ಹೊರಗೆಗಳಿಗಿಂತ ಸ್ವಾತಂತ್ರ್ಯವೇ ಮುಖ್ಯವೆಂದು ಮೇಲೆ ಹೇಳಿದುದು.

ಈಚಿನ ಎರಡು ನಿದರ್ಶನಗಳು ಪ್ರಾಣಾಪಾಯದವಲ್ಲದಿದ್ದರೂ ಇದೇ ಜಾತಿಯವು. ೨೦೧೭ನೆಯ ಫೆಬ್ರವರಿ ೨೮ರಂದು ಅಮೆಜಾನ್ ಸಂಸ್ಥೆಯ ಎಸ್-೩ ಎಂಬ ಸಂಗ್ರಹ ಸೇವೆಯು ನಾಲ್ಕು ಗಂಟೆಗಳಷ್ಟು ಕಾಲ ಕುಸಿದಾಗ, ಸೇವೆಗಳ ಆರೋಗ್ಯವನ್ನು ಲೋಕಕ್ಕೆ ತಿಳಿಸುವ ಫಲಕವನ್ನು ಬಹಳ ಹೊತ್ತು ತಿದ್ದಲಾಗಲಿಲ್ಲ. ಅದನ್ನು ತಿದ್ದುವ ಸಾಧನವೇ ಎಸ್-೩ನ್ನು ಆಶ್ರಯಿಸಿತ್ತು. ೨೦೨೧ನೆಯ ಅಕ್ಟೋಬರ್ ೪ರಂದು ಫೇಸ್‌ಬುಕ್ ಸಂಸ್ಥೆಯ ಜಾಲವು ಸುಮಾರು ಆರು ಗಂಟೆಗಳ ಕಾಲ ಲೋಕದಿಂದ ಕಣ್ಮರೆಯಾದಾಗ, ಕಾರಣವನ್ನು ಹುಡುಕಲು ಅಲ್ಲಿನವರು ನಿತ್ಯವೂ ಬಳಸುತ್ತಿದ್ದ ಒಳಗಿನ ಉಪಕರಣಗಳಲ್ಲಿ ಅನೇಕವು ಅದೇ ಜಾಲದೊಡನೆ ನಿಂತುಹೋದುವು. ಹೊರಗಿನವರಿಗೋ ಆ ಜಾಲದ ದಾರಿಗಳು ಅಳಿಸಿಹೋದುದು ಕೆಲವೇ ನಿಮಿಷಗಳಲ್ಲಿ ಕಾಣಿಸಿತ್ತು.

ಆದರೆ ಈ ವಿಷಯವು ಅತ್ಯಂತ ಗಹನವಾಗಿ ವ್ಯಕ್ತವಾದುದು ಯಂತ್ರಶಾಲೆಯಲ್ಲಲ್ಲ, ನ್ಯಾಯಸ್ಥಾನದಲ್ಲಿ. ಬ್ರಿಟನ್ನಿನ ಅಂಚೆಯ ಸಂಸ್ಥೆಯು ೧೯೯೯ರಿಂದ ತನ್ನ ಶಾಖೆಗಳಲ್ಲಿ ಹೊರೈಜನ್ ಎಂಬ ಲೆಕ್ಕದ ತಂತ್ರಾಂಶವನ್ನು ಸ್ಥಾಪಿಸಿತು. ಅದನ್ನು ಒದಗಿಸಿದುದು ಫುಜಿತ್ಸು ಕಂಪೆನಿಯ ಅಧೀನದಲ್ಲಿದ್ದ ಐಸಿಎಲ್. ಲೆಕ್ಕದಲ್ಲಿ ಹಣವು ಕಡಮೆಬಿದ್ದರೆ ಶಾಖೆಯ ಉಪಪೋಸ್ಟ್‌ಮಾಸ್ಟರನೇ ಅದನ್ನು ತುಂಬತಕ್ಕದ್ದೆಂದು ಸಂಸ್ಥೆಯವರು ಕರಾರಿನ ಆಧಾರದ ಮೇಲೆ ಒತ್ತಾಯಿಸುತ್ತಿದ್ದರು. ಮುಂದೆ ಬಯಲಾದ ದೋಷಗಳಲ್ಲೊಂದನ್ನು ನೋಡೋಣ. ಸ್ಕಾಟ್‌ಲೆಂಡಿನ ಡಾಲ್ಮೆಲಿಂಗ್ಟನ್ ಎಂಬಲ್ಲಿ ೨೦೧೫ರಲ್ಲಿ ಒಂದು ಶಾಖೆಯಿಂದ ಉಪಶಾಖೆಗೆ ೮,೦೦೦ ಪೌಂಡುಗಳನ್ನು ಜಮಾಮಾಡುವಾಗ ತೆರೆಯು ಮುಂದುವರಿಯದೆ ನಿಂತಿತು. ಗುಂಡಿಯನ್ನು ಮತ್ತೆ ಒತ್ತಿದ ಹಾಗೆಲ್ಲ ಅಷ್ಟೇ ಹಣವು ಇನ್ನೊಮ್ಮೆ ಜಮೆಯಾಗಿ, ಪುಸ್ತಕದಲ್ಲಿ ೩೨,೦೦೦ವೂ ಪೆಟ್ಟಿಗೆಯಲ್ಲಿ ೮,೦೦೦ವೂ ಇದ್ದು, ೨೪,೦೦೦ ಪೌಂಡುಗಳ ಕೊರತೆಯು ಉಂಟಾಯಿತು. ಪೆಟ್ಟಿಗೆಯಲ್ಲಿದ್ದ ನಾಣ್ಯವು ಬಹಿಃಸಾಕ್ಷ್ಯ, ತಂತ್ರಾಂಶದ ಪುಸ್ತಕವು ಅಂತಃಸಾಕ್ಷ್ಯ. ಇವೆರಡಕ್ಕೂ ವಿರೋಧವು ಬಂದಲ್ಲೆಲ್ಲ, ಪುಸ್ತಕವೇ ಪ್ರಮಾಣವೆಂದೂ ಕೊರತೆಯು ಕಳವೆಂದೂ ಆ ಸಂಸ್ಥೆಯು ವರ್ಷಗಳ ಕಾಲ ವಾದಿಸುತ್ತ ಬಂದಿತ್ತು. ೧೯೯೯ರಿಂದ ೨೦೧೫ರ ನಡುವೆ ೯೦೦ಕ್ಕೂ ಹೆಚ್ಚು ಜನರಿಗೆ ಕಳವು, ಸುಳ್ಳುಲೆಕ್ಕ ಮುಂತಾದ ಅಪರಾಧಗಳು ಸ್ಥಾಪಿತವಾದುವು. ಕೆಲವರು ಸೆರೆಮನೆಯನ್ನು ಸೇರಿದರು, ಅನೇಕರು ಮನೆಮಾರುಗಳನ್ನು ಕಳೆದುಕೊಂಡರು.

ಇಲ್ಲಿ ಅಂತಃಸಾಕ್ಷ್ಯವನ್ನು ಸುಮ್ಮನೆ ದೂಷಿಸುವುದು ನ್ಯಾಯವಲ್ಲ. ತಂತ್ರಾಂಶವನ್ನು ನೋಡಿಕೊಳ್ಳುತ್ತಿದ್ದವರ ಬಳಿಯಲ್ಲಿ ‘ತಿಳಿದ ದೋಷಗಳ ದಾಖಲೆ’ ಎಂಬುದೊಂದು ಇದ್ದೇ ಇತ್ತು. ದೋಷಗಳ ಚರಿತ್ರೆಯು ಅದರಲ್ಲಿ ಬರೆದಿತ್ತು. ಉಪಪೋಸ್ಟ್‌ಮಾಸ್ಟರರು ಮೊದಲಾದ ೫೫೫ ಮಂದಿ ಸೇರಿ ಹೂಡಿದ ವ್ಯಾಜ್ಯದಲ್ಲಿ ಬಹಳ ಹೋರಾಟದ ಮೇಲೆ ಅದು ಹೊರಬಂದಿತು. ೨೦೧೯ನೆಯ ಡಿಸೆಂಬರ್ ೧೬ರಂದು ತೀರ್ಪನ್ನಿತ್ತ ನ್ಯಾಯಮೂರ್ತಿ ಫ್ರೇಸರರು ಹಳೆಯ ಹೊರೈಜನ್ ವ್ಯವಸ್ಥೆಯು ದೃಢವಾದುದಾಗಿರಲಿಲ್ಲವೆಂದು ನಿರ್ಣಯಿಸಿದರು. ದೂರದಲ್ಲಿರುವ ನೌಕರರು ಶಾಖೆಯವನಿಗೆ ತಿಳಿಯದಂತೆ ಅವನ ಲೆಕ್ಕದಲ್ಲಿ ನಮೂದುಗಳನ್ನು ಸೇರಿಸಬಹುದಾಗಿತ್ತೆಂಬುದೂ ಸಿದ್ಧವಾಯಿತು. ಪ್ರಕ್ಷಿಪ್ತ ಪದ್ಯಗಳ ಗೊಂದಲವನ್ನು ಬಲ್ಲ ವಾಚಕರಿಗೆ ಇದರ ಗುರುತ್ವವನ್ನು ವಿವರಿಸಬೇಕಾದ್ದಿಲ್ಲ: ಪ್ರಕ್ಷೇಪಕ್ಕೆ ಅವಕಾಶವಿರುವ ಗ್ರಂಥದಲ್ಲಿ ಕವಿಯ ಸ್ವಂತ ಮಾತು ಯಾವುದೆಂಬುದನ್ನು ಆ ಗ್ರಂಥದಿಂದಲೇ ಸಾಧಿಸುವುದು ಕಷ್ಟ. ೨೦೨೧ನೆಯ ಏಪ್ರಿಲ್ ೨೩ರಂದು ಮೇಲ್ಮನವಿಯ ನ್ಯಾಯಾಲಯವು ೩೯ ಮಂದಿಯ ಮೇಲಣ ತೀರ್ಪುಗಳನ್ನು ರದ್ದುಮಾಡಿತು. ೨೦೨೪ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಶಾಸನದ ಮೂಲಕವೇ ಉಳಿದ ಬಹುಸಂಖ್ಯೆಯ ತೀರ್ಪುಗಳನ್ನು ತೊಡೆದುಹಾಕಿತು.

ಇಷ್ಟು ಕಾಲ ಇದು ಹೇಗೆ ನಡೆಯಿತೆಂಬುದಕ್ಕೆ ನ್ಯಾಯಶಾಸ್ತ್ರದಲ್ಲಿ ಒಂದು ಕಾರಣವುಂಟು. ೧೯೮೪ರ ಕಾಯಿದೆಯೊಂದರ ೬೯ನೆಯ ಕಲಮಿನ ಪ್ರಕಾರ, ಗಣಕಯಂತ್ರದ ದಾಖಲೆಯನ್ನು ಕ್ರಿಮಿನಲ್ ವಿಚಾರಣೆಯಲ್ಲಿ ಸಾಕ್ಷ್ಯವಾಗಿ ತರುವವನು ಯಂತ್ರವು ಸರಿಯಾಗಿ ನಡೆಯುತ್ತಿತ್ತೆಂದು ತೋರಿಸಬೇಕಾಗಿತ್ತು. ೧೯೯೯ರ ಕಾಯಿದೆಯು ಈ ಕಲಮನ್ನು ತೆಗೆದುಹಾಕಿತು. ೨೦೦೦ದಿಂದ ಯಂತ್ರವು ಸರಿಯೆಂದೇ ಮೊದಲು ಭಾವಿಸತಕ್ಕದ್ದೆಂದಾಯಿತು. ಸಾಕ್ಷಿಯು ಸತ್ಯವಾದಿಯೆಂದು ಒಪ್ಪಿಕೊಂಡೇ ವಿಚಾರಣೆಯನ್ನು ಆರಂಭಿಸಿದಂತಾಯಿತು. ಒಳಗಿನ ದಾಖಲೆಯು ತಪ್ಪೆಂದು ತೋರಿಸುವ ಭಾರವು, ಒಳಕ್ಕೆ ಪ್ರವೇಶವೇ ಇಲ್ಲದ ಹೊರಗಿನವನ ಮೇಲೆ ಬಿದ್ದಿತು. ಈ ಭಾವನೆಯನ್ನು ಮರಳಿ ವಿಮರ್ಶಿಸುವುದಕ್ಕಾಗಿ ೨೦೨೫ನೆಯ ಜನವರಿಯಲ್ಲಿ ಅಲ್ಲಿನ ನ್ಯಾಯಾಡಳಿತ ಇಲಾಖೆಯು ಸಾರ್ವಜನಿಕರ ಅಭಿಪ್ರಾಯಗಳನ್ನು ಆಹ್ವಾನಿಸಿತು.

ನಮ್ಮ ದೇಶದಲ್ಲಿ ಶಾಸನವು ಬೇರೆ ದಾರಿಯಲ್ಲಿ ನಡೆದಿದೆ. ೧೮೭೨ರ ಸಾಕ್ಷ್ಯ ಅಧಿನಿಯಮಕ್ಕೆ ೨೦೦೦ದ ಮಾಹಿತಿ ತಂತ್ರಜ್ಞಾನ ಕಾಯಿದೆಯು ಸೇರಿಸಿದ ೬೫-ಬಿ ಕಲಮು, ಯಂತ್ರವು ಆ ಕಾಲದಲ್ಲಿ ಸರಿಯಾಗಿ ನಡೆಯುತ್ತಿತ್ತೆಂಬುದನ್ನೂ, ನಡೆಯದಿದ್ದಲ್ಲಿ ಅದರಿಂದ ದಾಖಲೆಗೆ ಬಾಧೆಯಾಗಲಿಲ್ಲವೆಂಬುದನ್ನೂ ನಿಬಂಧನೆಯಾಗಿ ವಿಧಿಸಿತು. ಇಂಗ್ಲೆಂಡು ಬಿಟ್ಟುದನ್ನು ನಾವು ಅದೇ ಕಾಲದಲ್ಲಿ ಹಿಡಿದುಕೊಂಡೆವು. ೨೦೨೪ನೆಯ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ ೬೩ನೆಯ ಕಲಮು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪ್ರಮಾಣಪತ್ರಕ್ಕೆ ಇಬ್ಬರ ರುಜುವನ್ನು ಕೇಳುತ್ತದೆ: ಯಂತ್ರವನ್ನು ವಶದಲ್ಲಿಟ್ಟುಕೊಂಡವನದು ಒಂದು, ತಜ್ಞನೊಬ್ಬನದು ಇನ್ನೊಂದು. ಒಳಗಿನವನೊಬ್ಬ, ಹೊರಗಿನವನೊಬ್ಬ ಎಂಬ ಈ ಏರ್ಪಾಡು ಮೇಲುನೋಟಕ್ಕೆ ಮಲ್ಟಿಕ್ಸಿನವರ ಏರ್ಪಾಡನ್ನೇ ನೆನಪಿಗೆ ತರುತ್ತದೆ. ಆದರೆ ಪ್ರಮಾಣಪತ್ರದ ನಮೂನೆಯನ್ನು ನೋಡಿದರೆ, ತಜ್ಞನು ತುಂಬತಕ್ಕ ಮುಖ್ಯವಾದ ವಿವರವು ದಾಖಲೆಯ ‘ಹ್ಯಾಷ್’ ಎಂಬ ಸಂಖ್ಯೆ. ನ್ಯಾಯಾಲಯಕ್ಕೆ ಬಂದ ಪ್ರತಿಯು ಮೂಲಕ್ಕೆ ಅಕ್ಷರಶಃ ಸರಿಯಾಗಿದೆಯೆಂಬುದು ಅದರಿಂದ ಸಿದ್ಧಿಸುವುದು. ಮೂಲವು ನಡೆದ ಸಂಗತಿಗೆ ಸರಿಯಾಗಿದೆಯೇ ಎಂಬುದು ಸಿದ್ಧಿಸದು. ಓಲೆಯ ಗ್ರಂಥದ ಕೊನೆಯಲ್ಲಿ, ತಾನು ಕಂಡಂತೆ ಬರೆದಿರುವುದಾಗಿ ಲಿಪಿಕಾರನು ಹೇಳಿಕೊಳ್ಳುವನಷ್ಟೆ. ಅವನು ಉತ್ತರವಾದಿಯಾಗುವುದು ತನ್ನ ನಕಲಿಗೆ. ಡಾಲ್ಮೆಲಿಂಗ್ಟನ್ನಿನ ಪುಸ್ತಕದಲ್ಲಿ ನಾಲ್ಕು ಸಲ ಬರೆದ ೮,೦೦೦ಕ್ಕೆ ಹ್ಯಾಷ್ ತೆಗೆದಿದ್ದರೆ ಅದೂ ಸರಿಯಾಗಿಯೇ ಬರುತ್ತಿತ್ತು.